ವಾಸನೆ ಬರುತ್ತಿಲ್ಲ ಎಂಬ ದೂರು

ನಗರದ ಕಸಕ್ಕೂ ಉದ್ಯಾನಕ್ಕೂ ಒಟ್ಟಿಗೇ ಹೊಣೆಯಾಗಿರುವ ಮಾನ್ಯ ಅಧಿಕಾರಿಗಳೇ,

ನಮ್ಮ ಬೀದಿಯಲ್ಲಿ ದುರ್ವಾಸನೆ ನಿಂತುಹೋಯಿತು. ಅದೇ ನನ್ನ ದೂರು.

ಇಂಥ ದೂರು ನಿಮ್ಮ ಕಚೇರಿಗೆ ಹಿಂದೆ ಬಂದಿರಲಾರದು, ಆದ್ದರಿಂದ ಬಿಡಿಸಿ ಹೇಳುತ್ತೇನೆ. ನಮ್ಮ ಮನೆಗಳ ಹಿಂದಿನ ಬಯಲು ಒಂದು ಕಾಲಕ್ಕೆ ಊರಿನ ಕಸವೆಲ್ಲ ಬೀಳುತ್ತಿದ್ದ ಹಳ್ಳ. ಹಳ್ಳ ತುಂಬಿದಾಗ ನಿಮಗಿಂತ ಹಿಂದಿನವರು ಯಾರೋ ಪುಣ್ಯಾತ್ಮರು ಅದರ ಮೇಲೆ ದಪ್ಪನಾಗಿ ಮಣ್ಣು ಹೊದಿಸಿ, ಐದು ಕಬ್ಬಿಣದ ಕೊಳವೆ ನೆಟ್ಟು ಹೋದರು. ಹುಲ್ಲು ಬೆಳೆಯಿತು. ಕೊಳವೆಗಳಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದುದು ನಿಜ. ನಾನು ಬಟ್ಟೆ ಹೊಲಿಯುವವಳು. ಗಿರಾಕಿಗಳು ಹೊಸ ಅಂಗಿಯನ್ನು ಮೂಸಿ, ಆಮೇಲೆ ನನ್ನ ಮುಖ ನೋಡುತ್ತಿದ್ದರು. ಬೀದಿಯವರು ದೂರು ಕೊಟ್ಟರು. ನೀವು ಪರಿಹರಿಸಿದಿರಿ. ಕೊಳವೆಗಳ ಬಾಯಿಗೆ ಮುಚ್ಚಳ, ಮುಚ್ಚಳಕ್ಕೆ ಬೀಗ. ಮಣ್ಣನ್ನು ಕೆರೆದು ತೆಗೆದು ಬಯಲಿಗೆಲ್ಲ ಕಾಂಕ್ರೀಟು ಸುರಿದಿರಿ, ಕಾಂಕ್ರೀಟಿಗೆ ಹಸಿರು ಬಣ್ಣ ಬಳಿದಿರಿ, ಎರಡು ಬೆಂಚು ಇಟ್ಟು ಉದ್ಯಾನ ಎಂದಿರಿ. ಹಿಂದಿನ ಹುಲ್ಲಿಗಿಂತ ಈ ಬಣ್ಣವೇ ಹೆಚ್ಚು ಹಸಿರು, ಒಪ್ಪುತ್ತೇನೆ.

ಒಳಗಿದ್ದುದು ಎಲ್ಲಿಗೆ ಹೋಗಬೇಕೆಂದು ಮಾತ್ರ ನೀವು ಯಾರೂ ಕೇಳಿಕೊಳ್ಳಲಿಲ್ಲ.

ನನ್ನ ಗಂಡ ಬೀಗ ರಿಪೇರಿ ಮಾಡುತ್ತಿದ್ದರು. ಉದ್ಯಾನ ತೆರೆದ ಸಂಜೆ ನಾವಿಬ್ಬರೂ ನೋಡಲು ಹೋದೆವು. ಅವರು ಬೆಂಚಿನ ಮೇಲೆ ಕೂರಲಿಲ್ಲ, ನೇರವಾಗಿ ಕೊಳವೆಯ ಬೀಗದ ಹತ್ತಿರ ಬಗ್ಗಿದರು. ಆ ಜನ ಹಾಗೆಯೇ, ಮದುವೆಮನೆಗೆ ಹೋದರೂ ಮೊದಲು ಬಾಗಿಲು ನೋಡುತ್ತಾರೆ.

"ಇದು ಬೀಗ ಅಲ್ಲ ಕಣೇ, ಬೀಗದ ವೇಷ. ನಿನ್ನ ತಲೆ ಪಿನ್ನು ಸಾಕು ಇದಕ್ಕೆ."

"ಬರೀ ಬಾಯಲ್ಲಿ ಹೇಳ್ತೀರಾ. ತೆಗೀರಿ ನೋಡೋಣ."

"ಸರ್ಕಾರದ್ದು ಮಾರಾಯ್ತಿ. ಬೀಗ ಎಷ್ಟು ಪುಕ್ಕಲೋ ಅದರ ಯಜಮಾನನಿಗೆ ಅಷ್ಟು ಸಿಟ್ಟು."

ಚಳಿಗಾಲದ ಒಂದು ಬೆಳಿಗ್ಗೆ ನಮ್ಮ ನಲ್ಲಿ ನಿಲ್ಲದೆ ಸುರಿಯತೊಡಗಿತು. ನೀರಿನ ಮೀಟರು, ನೀರು ನಿಲ್ಲಿಸುವ ವಾಲ್ವು ಎರಡೂ ಅಂಗಳದ ಗುಂಡಿಯಲ್ಲಿವೆ, ಆಳುದ್ದ ಆಳ, ಮೇಲೆ ಕಬ್ಬಿಣದ ಮುಚ್ಚಳ. ಅವರು ಮುಚ್ಚಳ ಸರಿಸಿ ಒಳಗಿಳಿದು, "ಟಾರ್ಚ್ ಕೊಡೇ, ಏನೂ ಕಾಣ್ತಿಲ್ಲ" ಎಂದರು. ನಾನು ಒಳಗೆ ಹೋಗಿ ತಂದೆ. ತಗೊಳ್ಳಿ ಎಂದೆ. ಕೈ ಮೇಲೆ ಬರಲಿಲ್ಲ. ಬೆಳಕು ಬಿಟ್ಟಾಗ ಅವರು ಗೋಡೆಗೆ ಒರಗಿ ಕೂತಿದ್ದರು, ದಣಿವಾರಿಸಿಕೊಳ್ಳುತ್ತಿರುವವರ ಹಾಗೆ. ನಾನೂ ಇಳಿಯಲು ಹೋದೆ. ಪಕ್ಕದ ಮನೆಯ ಬಸ್ ಡ್ರೈವರ್ ನನ್ನ ಸೊಂಟ ಹಿಡಿದು ಹಿಂದಕ್ಕೆಳೆದರು. ಅವರನ್ನು ನಾನು ಬೈದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅವರು ಎಳೆಯದಿದ್ದರೆ ಈ ಪತ್ರವೂ ಇರುತ್ತಿರಲಿಲ್ಲ.

ನಿಮ್ಮವರೊಬ್ಬರು ಬಂದು ಗುಂಡಿಗೆ ಬಗ್ಗಿ ಮೂಗು ಅರಳಿಸಿದರು. "ವಾಸನೆನೇ ಇಲ್ವಲ್ಲಮ್ಮಾ. ಗ್ಯಾಸ್ ಎಲ್ಲಿಂದ ಬರುತ್ತೆ?" ಹೃದಯ ನಿಂತು ಸಾವು ಎಂದು ದಾಖಲಾಯಿತು. ಹೃದಯ ನಿಲ್ಲದೆ ಸತ್ತವರನ್ನು ನೀವು ಎಲ್ಲಾದರೂ ಕಂಡಿದ್ದೀರಾ, ಮಾನ್ಯರೇ?

ನಾನು ಹೆಚ್ಚು ಓದಿದವಳಲ್ಲ. ದಿನಕ್ಕೆ ನಾಲ್ಕು ಸಾಲು ಡೈರಿ ಬರೆಯುವ ಅಭ್ಯಾಸವಿದೆ, ಅಷ್ಟೇ. ನನ್ನ ತಂಗಿಯ ಮಗಳು ಕಾಲೇಜಿನಲ್ಲಿ ಕಣ್ಣಿಗೆ ಕಾಣದ ಜೀವಿಗಳ ಬಗ್ಗೆ ಓದುತ್ತಾಳೆ. ಅವಳು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಕಸದ ಅಡಿಯಲ್ಲಿ ಮಿಥೇನ್ ಹುಟ್ಟಿಸುವ ಜೀವಿಗಳಿವೆ. ಆರ್ಕಿಯಾ ಎಂದು ಅವುಗಳ ಹೆಸರು. ನೋಡಲು ಬ್ಯಾಕ್ಟೀರಿಯಾ ತರಹವೇ ಆದರೂ ಕುಲವೇ ಬೇರೆ. ಗಾಳಿಯಲ್ಲಿ ಆಮ್ಲಜನಕ ತುಂಬುವ ಮುಂಚಿನಿಂದಲೂ ಭೂಮಿಯ ಮೇಲಿರುವ ಹಳೆಯ ಮನೆತನ, ಗಾಳಿ ಸೋಕಿದರೆ ಸಾಯುತ್ತವಂತೆ. ಕೆರೆಯ ಕೆಸರಿನಲ್ಲಿ, ದನದ ಹೊಟ್ಟೆಯಲ್ಲಿ, ಗೆದ್ದಲಿನ ಕರುಳಿನಲ್ಲಿ, ನಮ್ಮ ನಿಮ್ಮ ಕರುಳಿನಲ್ಲೂ ಇರುತ್ತವಂತೆ. ಕಸವನ್ನು ನೇರವಾಗಿ ತಿನ್ನುವ ಶಕ್ತಿ ಅವಕ್ಕಿಲ್ಲ. ಬೇರೆ ಸೂಕ್ಷ್ಮಜೀವಿಗಳು ಅದನ್ನು ಒಡೆದು ಹುಳಿ ಮಾಡಿ, ಹೈಡ್ರೋಜನ್ನು, ಇಂಗಾಲದ ಡೈಆಕ್ಸೈಡು ಬಿಡುತ್ತವೆ. ಆ ಮಿಕ್ಕಿದ್ದರಲ್ಲಿ ಇವುಗಳ ಸಂಸಾರ. ಸಿಂಕಿನಲ್ಲಿ ಪಾತ್ರೆ ತುಂಬಿಕೊಂಡರೆ ಒಲೆಯ ಕೆಲಸವೂ ನಿಲ್ಲುವ ಹಾಗೆ, ಇವು ಮಿಕ್ಕಿದ್ದನ್ನು ಖಾಲಿ ಮಾಡದಿದ್ದರೆ ಆ ಬೇರೆ ಜೀವಿಗಳ ಕೆಲಸವೂ ನಿಲ್ಲುತ್ತದೆ. ಅವುಗಳ ಮೇಲೆ ನನಗೆ ಸಿಟ್ಟಿಲ್ಲ.

ಅವು ಬಿಡುವ ಮಿಥೇನ್‌ಗೆ ವಾಸನೆಯೇ ಇಲ್ಲ. ನಾರುತ್ತಿದ್ದುದು ಅದರ ಜೊತೆ ಬರುತ್ತಿದ್ದ ಬೇರೆ ಅನಿಲ. ಮೇಲೆ ದಾರಿ ಮುಚ್ಚಿದ ಮೇಲೆ ಎಲ್ಲವೂ ಅಡ್ಡಡ್ಡ ಹರಿದು ನಮ್ಮ ಮನೆಗಳ ಕಡೆ ಬಂದವು. ದಾರಿಯ ಮಣ್ಣು ವಾಸನೆಯನ್ನು ಹಿಡಿದಿಟ್ಟುಕೊಂಡಿತು. ಮಿಥೇನು, ಇಂಗಾಲದ ಡೈಆಕ್ಸೈಡು ಮಾತ್ರ ನಮ್ಮ ಗುಂಡಿಗೆ ಬಂದು ಅಲ್ಲಿದ್ದ ಗಾಳಿಯನ್ನು ಹೊರಗಟ್ಟಿದವು.

"ನೀವು ಹುಲ್ಲು ಅಂತೀರಲ್ಲ ದೊಡ್ಡಮ್ಮ, ಅದರ ಕೆಳಗಿನ ಮಣ್ಣಲ್ಲಿ ಮಿಥೇನ್ ತಿನ್ನೋವು ಬೇರೆ ಇದ್ವು. ಕಾವಲಿನವರ ಥರ. ಅವಕ್ಕೆ ಗಾಳಿ ಬೇಕೇ ಬೇಕು. ಅರ್ಧದಷ್ಟನ್ನ ಕೆರೆದು ಲಾರಿಗೆ ತುಂಬಿದ್ರು, ಉಳಿದವನ್ನ ಕಾಂಕ್ರೀಟ್ ಹಾಕಿ ಉಸಿರು ಕಟ್ಟಿಸಿ..." ಎಂದವಳು ನನ್ನ ಮುಖ ನೋಡಿ ಮಾತು ನಿಲ್ಲಿಸಿದಳು.

ಆಮೇಲೆ ನಾನು ನಿಮಗೆ ಅರ್ಜಿ ಕೊಟ್ಟೆ. ಅಳೆಯುವ ಯಂತ್ರ ಹಿಡಿದು ನಿಮ್ಮ ಇಂಜಿನಿಯರು ಬಂದರು. ಕೆಳಗಿನ ಕೋಣೆಯಲ್ಲಿ ನಮ್ಮ ಅತ್ತೆ ಮಲಗಿರುತ್ತಾರೆ, ಸೊಂಟ ಮುರಿದ ಮೇಲೆ ಅವರನ್ನು ಮೆಟ್ಟಿಲು ಹತ್ತಿಸುವಂತಿಲ್ಲ. ಅವರ ಮಂಚದ ಹತ್ತಿರ ನೆಲದ ಬಿರುಕಿಗೆ ಹಿಡಿದದ್ದೇ ಯಂತ್ರ ಕಿರುಚಿಕೊಂಡಿತು. ಅತ್ತೆ, "ಯಾರದೇ ಅದು ಮಗು, ಎತ್ಕೊಳ್ರೇ" ಎಂದರು. ಇಂಜಿನಿಯರು ಯಂತ್ರ ಆರಿಸಿ, ದನಿ ತಗ್ಗಿಸಿ ಕೇಳಿದರು:

"ಅಮ್ಮಾ, ಇದನ್ನ ಬರೀಲೋ ಬೇಡ್ವೋ? ಬರೆದ್ರೆ ಇವತ್ತೇ ಮನೆಗೆ ಸೀಲು. ನೀವು ಹೊರಗೆ."

"ಹೊರಗೆ ಅಂದ್ರೆ ಎಲ್ಲಿಗೆ?"

"ಅದು ಬೇರೆ ವಿಭಾಗ."

"ಬರೀದೇ ಇದ್ರೆ?"

"ಬರೀದೇ ಇದ್ರೆ ಗ್ಯಾಸ್ ಇಲ್ಲ."

ಅತ್ತ ದರಿ, ಇತ್ತ ಪುಲಿ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಇಲ್ಲಿ ದರಿಯೂ ನಿಮ್ಮದೇ, ಪುಲಿಯೂ ನಿಮ್ಮದೇ. ನಾನು ಬರೆಯಬೇಡಿ ಎಂದೆ. ಬೇರೆ ಏನು ಹೇಳಬಹುದಿತ್ತು? ಬಾಡಿಗೆಗೆ ಮನೆ ಕೇಳಿದರೆ ಮಂಚ ಹಿಡಿದ ಮುದುಕಿ ಇದ್ದಾರೆಂದು ತಿಳಿದ ಕೂಡಲೇ ಬಾಗಿಲು ಹಾಕುತ್ತಾರೆ. ಈ ಮನೆಯನ್ನು ಮಾರೋಣವೆಂದರೆ, ತಿಳಿದು ಯಾರು ಕೊಳ್ಳುತ್ತಾರೆ, ತಿಳಿಸದೆ ನಾನು ಹೇಗೆ ಮಾರಲಿ?

ಆದ್ದರಿಂದ ಚಳಿಯಲ್ಲೂ ಕಿಟಕಿಗಳನ್ನೆಲ್ಲ ತೆರೆದಿಟ್ಟು ಬದುಕುತ್ತಿದ್ದೇವೆ. ಒಲೆಯನ್ನು ಅಂಗಳಕ್ಕೆ ಒಯ್ದಿದ್ದೇನೆ. ಕಿಡಿಯ ಭಯಕ್ಕೆ ಹೊಲಿಗೆ ಯಂತ್ರದ ಮೋಟಾರು ಬಿಚ್ಚಿ ಮತ್ತೆ ಕಾಲಲ್ಲಿ ತುಳಿಯುತ್ತೇನೆ. ಇಸ್ತ್ರಿ ಹಾಕುವುದಿಲ್ಲ, ಗಿರಾಕಿಗಳು ಸುಕ್ಕಾದ ಅಂಗಿಯನ್ನೇ ಒಯ್ಯುತ್ತಾರೆ. ಒಂದೇ ನೆಲದಲ್ಲಿ ಎರಡು ಸಂಸಾರ ಸಿಕ್ಕಿಕೊಂಡಿವೆ: ಕೆಳಗಿನವಕ್ಕೆ ಗಾಳಿ ಬಂದರೆ ಸಾವು, ನಮಗೆ ಗಾಳಿ ಹೋದರೆ ಸಾವು. ಅವಕ್ಕೆ ಅಲ್ಲಿ ಹಿತವಾಗಿದೆ.

ಹೋದ ವಾರ ಅತ್ತೆ ಕೇಳಿದರು: "ಅವನ ತಂತಿ, ಕೊಕ್ಕೆ ಎಲ್ಲ ತುಕ್ಕು ಹಿಡೀತಿರ್ಬೇಕಲ್ಲೇ. ಒಂದ್ಸಲ ಹೊರಗೆ ತೆಗೀಬಾರ್ದಾ?"

"ನಂಗೆ ಆ ಕೆಲಸ ಬರಲ್ಲ ಅತ್ತೆ."

"ನನ್ನ ಮಗನ ಜೊತೆ ಇಷ್ಟು ವರ್ಷ ಇದ್ದು ಬರಲ್ಲ ಅಂತೀಯಲ್ಲ. ನಾಚ್ಕೆ ಆಗಲ್ವಾ?"

ತಂತಿ ಕೊಕ್ಕೆಯ ಅಗತ್ಯ ಬೀಳಲಿಲ್ಲ. ನನ್ನ ಗಂಡ ಹೇಳಿದ್ದು ಸರಿ, ತಲೆ ಪಿನ್ನೇ ಸಾಕಾಯಿತು. ಭಾನುವಾರ ಹಗಲು ಹೊತ್ತಿನಲ್ಲಿ, ಬೆಂಚಿನ ಮೇಲೆ ಜನ ಕೂತಿರುವಾಗಲೇ, ನಮ್ಮ ಮನೆಯ ಹಿಂದಿನ ಕೊಳವೆಯ ಬೀಗ ತೆಗೆದೆ. ಮುಚ್ಚಳವನ್ನು ಬಸ್ ಡ್ರೈವರ್ ಎತ್ತಿಟ್ಟರು. ಕೊಳವೆ ಉಸಿರು ಬಿಟ್ಟಿತು. ತಂಗಿಯ ಮಗಳು ಕಾಲೇಜಿನಿಂದ ಯಂತ್ರ ತಂದು ಅತ್ತೆಯ ಮಂಚದ ಹತ್ತಿರ ದಿನವೂ ಹಿಡಿಯುತ್ತಾಳೆ. ಅದು ಇನ್ನೂ ಕಿರುಚುತ್ತದೆ, ಆದರೆ ಮೊದಲಿನಷ್ಟಲ್ಲ. ಒಂದು ಕೊಳವೆಗೆ ಇಷ್ಟು.

ಉಳಿದ ನಾಲ್ಕನ್ನು ನೀವು ಬಂದು ತೆರೆಯಿರಿ. ಕಾಂಕ್ರೀಟು ಒಡೆದು ಮಣ್ಣು ಹಾಕಿ, ಹುಲ್ಲು ಬರಲಿ. ಅಲ್ಲಿಯವರೆಗೆ ಅತ್ತೆಯನ್ನು ಮಲಗಿಸಲು ಒಂದು ಕೋಣೆ ಕೊಡಿಸಿ, ಯಾವ ವಿಭಾಗದಿಂದಲಾದರೂ ಸರಿ. ಸಾವಿನ ದಾಖಲೆಯಲ್ಲಿ ನಿಜವನ್ನು ಬರೆಸಿ. ಸರ್ಕಾರದ ಬೀಗ ತೆಗೆದವಳು ನಾನು, ಕೇಸು ಹಾಕುವುದಿದ್ದರೆ ಹಾಕಿ. ಮನೆಯಲ್ಲೇ ಇರುತ್ತೇನೆ, ನನಗೆ ಹೋಗಲು ಬೇರೆ ಜಾಗವಿಲ್ಲವೆಂದು ನಿಮಗೆ ಗೊತ್ತು.

ಇನ್ನೊಂದು ಮಾತು. ಭಾನುವಾರದಿಂದ ಬೀದಿಯಲ್ಲಿ ಮತ್ತೆ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆ. ಮೂಲೆಮನೆಯವರು ಆಗಲೇ ನಿಮಗೆ ದೂರು ಕೊಟ್ಟಿದ್ದಾರಂತೆ. ಕೈ ಮುಗಿದು ಕೇಳುತ್ತೇನೆ, ಆ ದೂರನ್ನು ಪರಿಹರಿಸಬೇಡಿ.

ಇಂತಿ,
ಕಿಟಕಿ ಮುಚ್ಚಲಾರದ,
ಬೀಗ ರಿಪೇರಿಯವರ ಹೆಂಡತಿ