ಓದುವಾಗ ಬಿಟ್ಟ ಹೆಸರು

ವಿಜಯಪುರ
೯ ಫೆಬ್ರುವರಿ ೨೦೨೫, ರವಿವಾರ

ಪ್ರೀತಿಯ ಅಪ್ಪನಿಗೆ,

ವಿಶಾಖಾಳ ಜೈಭೀಮ್. ಊರು, ತಾರೀಖು ಎರಡನ್ನೂ ಬಲಗಡೆಯ ಮೂಲೆಯಲ್ಲೇ ಬರೆದಿದ್ದೇನೆ, ನೋಡಿಕೊಳ್ಳಿ. ಐದನೇ ಇಯತ್ತೆಯಲ್ಲಿ ಎಡಗಡೆ ಬರೆದೆನೆಂದು ಇಡೀ ವರ್ಗದ ಎದುರು ಅರ್ಧ ಅಂಕ ಕಳೆದವರು ನೀವು. ಮಗಳೆಂದು ಬಿಡಲಿಲ್ಲ. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಅವ್ವನ ಕಣ್ಣು ಹೇಗಿದೆ? ಪೊರೆ ತೆಗೆಸಿ ಮೂರು ವಾರವಾಯಿತು. ಹನಿ ದಿನಕ್ಕೆ ನಾಲ್ಕು ಸಲ ಹಾಕಲೇಬೇಕು. "ಎರಡ ಸಲ ಸಾಕ ಬಿಡು, ಬಾಟ್ಲಿ ಲಗೂ ತೀರತೈತಿ" ಎನ್ನುತ್ತಾಳೆ, ಕೇಳಬೇಡಿ. ಒಲೆಯ ಮುಂದೆ ಕೂಡಲು ಬಿಡಬೇಡಿ.

ಇಷ್ಟು ದಿನ ನಿಮ್ಮೊಡನೆ ಸರಿಯಾಗಿ ಮಾತಾಡದೆ ಇದ್ದುದಕ್ಕೆ ಕ್ಷಮಿಸಿ. ನೀವು ಫೋನು ಮಾಡಿದಾಗಲೆಲ್ಲ "ಕೋರ್ಟಿನ್ಯಾಗ ಅದೀನಿ" ಎಂದು ಇಟ್ಟುಬಿಟ್ಟೆ. ಹೋದ ರವಿವಾರವೂ ಹಾಗೇ ಹೇಳಿದೆ. ರವಿವಾರ ಯಾವ ಕೋರ್ಟು ತೆರೆದಿರುತ್ತದೆ ಎಂದು ನೀವು ಕೇಳಲಿಲ್ಲ. ಕೇಳಿದ್ದರೆ ಅಂದೇ ಹೇಳಿಬಿಡುತ್ತಿದ್ದೆನೇನೋ. ಇದು ಫೋನಿನಲ್ಲಿ ಹೇಳುವ ಮಾತಲ್ಲ, ಎದುರಿಗೆ ಕುಳಿತರೆ ನನ್ನ ಬಾಯಿ ಕಟ್ಟುತ್ತದೆ. ಹಾಗಾಗಿ ಈ ಕಾಗದ.

ನಮ್ಮ ಶನಿವಾರದ ಕೋಣೆ ನಿಮಗೆ ಗೊತ್ತು. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಬಳೆಯಂಗಡಿಯ ಮೇಲೆ. ಯಾಕೂಬ ವಕೀಲರು, ನಾನು, ಇನ್ನಿಬ್ಬರು ಮಧ್ಯಾಹ್ನದ ಮೇಲೆ ಅಲ್ಲಿ ಕೂಡುತ್ತೇವೆ. ಸಾಲ ತೀರಿಸಲಾಗದೆ ಕೋರ್ಟಿಗೆ ದಿವಾಳಿ ಅರ್ಜಿ ಹಾಕಬೇಕಾದವರು, ವಕೀಲರ ಫೀಸು ಕೊಡುವ ಶಕ್ತಿಯಿಲ್ಲದವರು ಬರುತ್ತಾರೆ. ನಾವು ಪುಕ್ಕಟೆ ಅರ್ಜಿ ಬರೆದುಕೊಡುತ್ತೇವೆ, ನ್ಯಾಯಾಧೀಶರು ಏನೇನು ಕೇಳುತ್ತಾರೆಂದು ಹೇಳಿಕೊಡುತ್ತೇವೆ. ಆದರೆ ವಕಾಲತ್ತು ಹಾಕುವುದಿಲ್ಲ, ಕೋರ್ಟಿನಲ್ಲಿ ಅವರೇ ನಿಲ್ಲಬೇಕು. ಹೀಗಾಗಿ ನಾವು ಬರೆದ ಯಾವ ಅರ್ಜಿಯಲ್ಲೂ ನಮ್ಮ ಹೆಸರು ಇರುವುದಿಲ್ಲ. ಇದನ್ನು ನೆನಪಿಡಿ.

ದಿವಾಳಿ ಅರ್ಜಿಯ ಜೀವವಿರುವುದು ಅದರ ಪಟ್ಟಿಯಲ್ಲಿ. ಯಾರ್ಯಾರಿಗೆ ದುಡ್ಡು ಕೊಡಬೇಕೋ ಅವರೆಲ್ಲರ ಹೆಸರನ್ನೂ ಬರೆಯಬೇಕು, ಕಿರಾಣಿ ಅಂಗಡಿಯವನಿಂದ ಹಿಡಿದು ಹೆಂಡತಿಯ ತಮ್ಮನವರೆಗೆ. ಎಲ್ಲರಿಗೂ ಕೋರ್ಟಿನಿಂದ ನೋಟಿಸು ಹೋಗುತ್ತದೆ. ಬೇಕೆಂದೇ ಒಬ್ಬರನ್ನು ಬಿಟ್ಟರೂ ಮುಚ್ಚಿಟ್ಟಂತೆ, ಅರ್ಜಿ ಬಿದ್ದುಹೋಗುತ್ತದೆ. ನಮ್ಮಲ್ಲಿಗೆ ಬರುವವರಲ್ಲಿ ಓದು ಬಾರದವರೇ ಹೆಚ್ಚು. ಅದಕ್ಕೆ ಯಾಕೂಬ ಸರ್ ಒಂದು ಪದ್ಧತಿ ಮಾಡಿದ್ದಾರೆ. ಚೊಕ್ಕ ಪ್ರತಿ ಮಾಡಿದ ಮೇಲೆ ಪಟ್ಟಿಯನ್ನು ಗಟ್ಟಿಯಾಗಿ ಓದಿ ಹೇಳಬೇಕು, ಅವರು ಹೂಂ ಅಂದ ಮೇಲೆಯೇ ಸಹಿ. ಓದುವ ಕೆಲಸ ನನ್ನದು, ನನ್ನ ಉಚ್ಚಾರ ಚೆನ್ನಾಗಿದೆಯೆಂದು. ಅದೂ ನಿಮ್ಮದೇ ಕೊಡುಗೆ.

ನವೆಂಬರಿನ ಒಂದು ಶನಿವಾರ ತಿಕೋಟಾದಿಂದ ಲಾಡಲೇಸಾಬ ಎಂಬುವರು ಬಂದರು. ಅರವತ್ತರ ಆಸುಪಾಸು. ಮದುವೆ, ಸಮಾರಂಭಗಳಿಗೆ ಪೆಂಡಾಲು, ಖುರ್ಚಿ, ಅಡುಗೆಯ ಭಾಂಡೆ ಬಾಡಿಗೆ ಕೊಡುವುದು ಅವರ ಕಸುಬು. ಸುತ್ತಲಿನ ಊರುಗಳಲ್ಲೆಲ್ಲ ಮಂಗಲ ಕಾರ್ಯಾಲಯಗಳಾದವು, ಪೆಂಡಾಲು ಕೇಳುವವರು ಇಲ್ಲವಾದರು. ಪೈಪೋಟಿ ಮಾಡೋಣವೆಂದು ಇವರು ಒಂದು ಫೈನಾನ್ಸಿನಲ್ಲಿ ಸಾಲ ಎತ್ತಿ ಐನೂರು ಹೊಸ ಖುರ್ಚಿ ತಂದರು. ಖುರ್ಚಿಯ ಮೇಲೆ ಕೂಡುವವರು ಬರಲಿಲ್ಲ, ಖುರ್ಚಿಗಳೇ ಮನೆ ತುಂಬ ಕುಳಿತವು. ಫೈನಾನ್ಸಿನವರು ಡಿಕ್ರಿ ತಂದು, ದುಡ್ಡು ತುಂಬು, ಇಲ್ಲವೇ ಜೈಲಿಗೆ ನಡೆ ಎಂದು ನಿಂತರು.

ಮಗಳು ಜುಲೇಖಾ ದುಂಡಗೆ ಬರೆದುಕೊಟ್ಟಿದ್ದ ಪಟ್ಟಿಯನ್ನು ಅವರು ಜೇಬಿನಿಂದ ತೆಗೆದು ನನ್ನ ಮುಂದಿಟ್ಟರು. ಹತ್ತು ಹೆಸರು. ಏಳನೆಯದು ಹೀಗಿತ್ತು: "ರಾಜಾರಾಮ ಮಾಸ್ತರ, ಬಬಲೇಶ್ವರ. ಕೈಗಡ. ತಿಂಗಳಿಗೆ ನೂರಕ್ಕೆ ಮೂರು ಬಡ್ಡಿ. ಸಹಿ ಮಾಡಿದ ಖಾಲಿ ಚೆಕ್ಕು ಅವರ ಹತ್ತಿರ."

ಬಬಲೇಶ್ವರದಲ್ಲಿ ನಿಮ್ಮನ್ನು ಬಿಟ್ಟು ಇನ್ನೊಬ್ಬ ರಾಜಾರಾಮ ಮಾಸ್ತರ ಇರಬಹುದೇ ಎಂದು ಯೋಚಿಸಿದೆ. ಹುಟ್ಟಿ ಬೆಳೆದ ಊರು, ಇಲ್ಲವೆಂದು ಗೊತ್ತು. ಆದರೂ ಕೇಳಿದೆ, ಇವರು ಯಾರೆಂದು.

"ರಿಟಾಯರ ಮಾಸ್ತರ ಅದಾರ್ರಿ ಬಾಯಾರ. ಬಿಜ್ಜರಗಿ ತನಕ ಮಂದಿಗೆ ಕೊಟ್ಟಾರ್ರಿ. ಖರೇ ಹೇಳಬೇಕಂದ್ರ ಒಮ್ಮಿನೂ ಏರಿಸಿ ಮಾತಾಡಿದವರಲ್ರಿ. ಬಡ್ಡಿ ಒಂದ ದಿನ ತಡಾ ಆದ್ರ ಮನಿ ಮುಂದ ಬೈಕ್ ನಿಲ್ಲಿಸಿ ಸುಮ್ಮ ಕುಂದರತಾರ್ರಿ, ಅಷ್ಟ."

ಪಿಂಚಣಿ ಬಂದ ಮರುದಿನ ನೀವು ಬೈಕು ಹತ್ತಿ "ದೋಸ್ತರನ ಭೆಟ್ಟಿ ಆಗಿ ಬರ್ತೇನಿ" ಎಂದು ಹೋಗುತ್ತಿದ್ದುದು ನೆನಪಾಯಿತು. ಬೆಳಗಾವಿಯ ನನ್ನ ಓದು, ಸ್ಕೂಟಿ, ಮೈಮೇಲಿನ ಕರಿ ಕೋಟು, ಎಲ್ಲ ನೆನಪಾದವು. ಇಷ್ಟೆಲ್ಲ ಎಲ್ಲಿಂದ ಬರುತ್ತದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಕೇಳಿದರೆ ಉತ್ತರ ಸಿಗುತ್ತದೆಂಬ ಭಯಕ್ಕೇ ಕೇಳಿರಲಿಲ್ಲ ಅನಿಸುತ್ತದೆ.

ಈಗ ನಾನು ಮಾಡಿದ್ದನ್ನು ಬರೆಯುತ್ತೇನೆ. ಚೊಕ್ಕ ಪ್ರತಿ ಮಾಡುವಾಗ ಆರನೆಯ ಹೆಸರಾದ ಮೇಲೆ ಎಂಟನೆಯದನ್ನು ಬರೆದು ಅದಕ್ಕೆ ಏಳು ಎಂದು ಅಂಕಿ ಕೊಟ್ಟೆ. ಒಂಬತ್ತಕ್ಕೆ ಪಟ್ಟಿ ಮುಗಿಸಿದೆ. ಆಮೇಲೆ ಪದ್ಧತಿಯಂತೆ ಗಟ್ಟಿಯಾಗಿ ಓದಿದೆ. ದನಿ ನಡುಗಲಿಲ್ಲ, ಅಪ್ಪಾ. ನನಗೆ ಈಗ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುವುದು ಅದಕ್ಕೇ. ಲಾಡಲೇಸಾಬರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ "ಹೂಂ ರಿ" ಎಂದು ಸಹಿ ಮಾಡಿದರು.

ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಪ್ಪನ ಹತ್ತಿರ ಹೋಗುತ್ತೇನೆ, ಚೆಕ್ಕು ಇಸಿದುಕೊಂಡು ಹರಿದುಹಾಕುತ್ತೇನೆ, ಸಾಲವೇ ಇಲ್ಲದ ಮೇಲೆ ಹೆಸರೇಕೆ? ಕೋರ್ಟಿನ ಬೇಲೀಫ ನೋಟಿಸು ಹಿಡಿದು ನಿಮ್ಮ ಬಾಗಿಲಿಗೆ ಬರುವುದು ತಪ್ಪುತ್ತದೆ. ಲೈಸೆನ್ಸಿಲ್ಲದೆ ಬಡ್ಡಿ ವ್ಯವಹಾರ ಹೇಗೆ ಮಾಡಿದಿರಿ ಎಂದು ಯಾರೂ ಕೇಳುವುದಿಲ್ಲ. ನನ್ನ ಜೊತೆಯ ವಕೀಲರಿಗೆ ನಾನು ಯಾರ ಮಗಳೆಂದು ಗೊತ್ತಾಗುವುದಿಲ್ಲ. ನಿಜವಾದ ಕಾರಣ ಈ ಕೊನೆಯದೇ.

ಡಿಸೆಂಬರಿನಲ್ಲಿ ಹೇಳಬೇಕೆಂದೇ ಊರಿಗೆ ಬಂದೆ. ನೀವು ಬಸ್‌ಸ್ಟ್ಯಾಂಡಿಗೆ ಬಂದು ನನ್ನ ಚೀಲ ಹೊತ್ತುಕೊಂಡಿರಿ, ನಾನು ಹೇಳದೆಯೇ ಮರಳಿದೆ. ಅವ್ವನ ಆಪರೇಶನ್ ಆದ ಮೇಲೆ ಮತ್ತೆ ಬಂದೆ. ಸಂತೆಯಿಂದ ನನಗೆಂದು ಹಸಿ ಕಡಲೆ ತಂದಿದ್ದಿರಿ. ಸುಲಿದು ತಿಂದು, ಬಸ್ಸು ಹತ್ತಿ ಬಂದುಬಿಟ್ಟೆ.

ಅಷ್ಟರಲ್ಲಿ ನೀವು ಆ ಖಾಲಿ ಚೆಕ್ಕಿಗೆ ಮೊತ್ತ ತುಂಬಿ ಬ್ಯಾಂಕಿಗೆ ಹಾಕಿದ್ದಿರಿ. ಅದಕ್ಕೆ ನಿಮ್ಮನ್ನು ಹೇಗೆ ಬೈಯಲಿ? ನಾನು ನಿಮ್ಮ ಹೆಸರು ಬರೆದಿದ್ದರೆ ನೋಟಿಸು ಬರುತ್ತಿತ್ತು, ಅವರು ದಿವಾಳಿ ಅರ್ಜಿ ಹಾಕಿದ್ದು ನಿಮಗೆ ತಿಳಿಯುತ್ತಿತ್ತು. ಚೆಕ್ಕು ವಾಪಸಾಯಿತು. ಅದು ಅವರ ಪಾಸ್‌ಬುಕ್ಕಿನಲ್ಲಿ ನಿಮ್ಮ ಹೆಸರಿನ ಸಮೇತ ಮೂಡಿತು.

ಮೊನ್ನೆ ಮಂಗಳವಾರ ಕೇಸು ಇತ್ತು. ಕೋರ್ಟು ಕೇಳಿತ್ತೆಂದು ಲಾಡಲೇಸಾಬರು ಪಾಸ್‌ಬುಕ್ಕು ತಂದು ಕೊಟ್ಟರು. ಫೈನಾನ್ಸಿನ ವಕೀಲರು ಹಾಳೆ ತಿರುವಿ ನೋಡಿ, ಬೆರಳಿಟ್ಟು ತೋರಿಸಿದರು. "ಸ್ವಾಮಿ, ಇಲ್ಲಿ ರಾಜಾರಾಮ ಅನ್ನವರ ಚೆಕ್ಕು ವಾಪಸ ಹೋಗೇತ್ರಿ. ಪಟ್ಟಿಯಾಗ ಈ ಹೆಸರ ಇಲ್ಲ. ಇನ್ನ ಎಷ್ಟ ಮಂದೀನ ಮುಚ್ಚಿಟ್ಟಾನೊ ಏನೊ!"

ನ್ಯಾಯಾಧೀಶರು ಕನ್ನಡಕ ತೆಗೆದು ಲಾಡಲೇಸಾಬರನ್ನು ಕೇಳಿದರು, ಈ ಹೆಸರು ಯಾಕೆ ಬಿಟ್ಟಿರಿ ಎಂದು.

ನಾನು ಕೊನೆಯ ಬೆಂಚಿನಲ್ಲಿದ್ದೆ. ಎದ್ದು ನಾಲ್ಕು ಹೆಜ್ಜೆ ಮುಂದೆ ಹೋಗಿದ್ದರೆ ಸಾಕಿತ್ತು. ಅರ್ಜಿಯಲ್ಲಿ ನನ್ನ ಹೆಸರಿಲ್ಲ, ವಕಾಲತ್ತಿಲ್ಲ, ಯಾರೂ ನನ್ನನ್ನು ಕೇಳುವಂತಿರಲಿಲ್ಲ. ಅವರು ಹಿಂತಿರುಗಿ ನನ್ನ ಕಡೆ ನೋಡಲೂ ಇಲ್ಲ. ಕೈಮುಗಿದು, "ನಂದ ತಪ್ಪರಿ ಸಾಹೇಬ್ರ. ವಯಸ್ಸಾತು, ಮರತೇನ್ರಿ" ಎಂದರು. ನಾನು ಕುಳಿತೇ ಇದ್ದೆ.

ಹದಿನೆಂಟನೇ ತಾರೀಖಿಗೆ ಸರಿಯಾದ ಕಾರಣ ಬರೆದುಕೊಡಬೇಕು, ಇಲ್ಲದಿದ್ದರೆ ಅರ್ಜಿ ವಜಾ ಎಂದಾಯಿತು. ಅರ್ಜಿ ಇತ್ಯರ್ಥವಾಗುವ ತನಕ ಅವರನ್ನು ಜೈಲಿಗೆ ಹಾಕಬಾರದೆಂಬ ಆದೇಶವೂ ವಜಾ ಆದ ದಿನವೇ ಮುಗಿಯುತ್ತದೆ. ಫೈನಾನ್ಸಿನವರು ಅದಕ್ಕೇ ಕಾಯುತ್ತಿದ್ದಾರೆ.

ಹೊರಗೆ ಬೇವಿನ ಗಿಡದ ಕೆಳಗೆ ಅವರನ್ನು ಹಿಡಿದು ನಿಲ್ಲಿಸಿದೆ. "ಸುಳ್ಳ ಯಾಕ ಹೇಳಿದ್ರಿ? ನೀವು ಬರಕೊಂಡ ಬಂದಿದ್ರಿ. ಬಿಟ್ಟಾಕಿ ನಾನು."

"ಗೊತ್ತೈತ್ರಿ ಬಾಯಾರ. ನೀವು ಓದೂಮುಂದನ ಗೊತ್ತಾತ್ರಿ. ನೀವು ಮಾಸ್ತರ ಮಗಳು ಅನ್ನೂದೂ ಗೊತ್ತಿತ್ರಿ. ಮಗಳಾದಾಕಿ ಅಪ್ಪನ ಹೆಸರ ಮುಚ್ಚಾಕತ್ತಾಳ, ಅದನ್ನ ನಾ ಹೆಂಗ ಬಿಚ್ಚಲ್ರಿ? ಹಿಂದ ಫೈನಾನ್ಸಿನ ಕೇಸಿನ್ಯಾಗ ನನ್ನ ಹೆಸರ ಕೂಗಿದಾಗ ನಮ್ಮ ಜುಲೇಖಾ ತಲಿ ಕೆಳಗ ಹಾಕಿದ್ಳರಿ. ಅದು ಹೆಂಗಿರತೈತಿ ಅಂತ ನಾ ನೋಡೀನಿ."

ಅವರ ಎದುರು ನಿಂತಿರಲು ನನ್ನಿಂದ ಆಗಲಿಲ್ಲ. ಕಾಗದಗಳನ್ನು ಹುಡುಕುವವಳಂತೆ ಚೀಲದೊಳಗೆ ಕೈ ಹಾಕಿಕೊಂಡು ನಡೆದುಬಿಟ್ಟೆ. ಮೂವತ್ತೊಂದು ವರ್ಷದವಳು, ವಕೀಲಳು, ಹೀಗೆ.

ನಿನ್ನೆ ಯಾಕೂಬ ಸರ್‌ಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಚಹಾ ತರಿಸಿದರು. ಕಪ್ಪು ಖಾಲಿಯಾದ ಮೇಲೆ ಒಂದೇ ಮಾತು ಅಂದರು. "ಅಪ್ಪನ ಸಲುವಾಗಿ ಮಾಡಿದೆ ಅಂತ ಬರೀಬ್ಯಾಡವಾ. ನಿನ್ನ ಸಲುವಾಗಿ ಮಾಡಿದಿ. ಅಷ್ಟ ಬರಿ."

ಅಷ್ಟನ್ನೇ ಬರೆದಿದ್ದೇನೆ. ಹದಿನೆಂಟರಂದು ಪ್ರಮಾಣಪತ್ರ ಹಾಕುತ್ತೇನೆ: ಅರ್ಜಿದಾರರು ಹೆಸರು ಕೊಟ್ಟಿದ್ದರು, ಬಿಟ್ಟವಳು ನಾನು, ಆ ಹೆಸರು ನನ್ನ ತಂದೆಯದು. ಜುಲೇಖಾ ಬರೆದ ಹಳೆಯ ಪಟ್ಟಿ ನನ್ನ ಹತ್ತಿರವೇ ಉಳಿದಿತ್ತು, ಅದನ್ನೂ ಜೋಡಿಸುತ್ತೇನೆ. ನನ್ನ ವಕೀಲಿ ಸನ್ನದು ಕೆಲವು ದಿನ ಅಮಾನತಾಗಬಹುದು, ಹೋಗಲೂಬಹುದು. ನಿಮಗೆ ನೋಟಿಸು ಬರುತ್ತದೆ. ನಾಲ್ಕು ಜನರ ಎದುರು ನಿಮ್ಮ ಹೆಸರು ಕೂಗುತ್ತಾರೆ.

ನಿಮ್ಮ ಬಗ್ಗೆ ನಾಚಿಕೆಯಾಯಿತು ಎಂದಷ್ಟೇ ಬರೆದರೆ ಅರ್ಧ ಸತ್ಯವಾಗುತ್ತದೆ. ನಿಮ್ಮ ದುಡ್ಡಿನಲ್ಲಿ ಓದಿ, ನಿಮ್ಮ ಹೆಸರು ಕಂಡಾಗ ಅಳಿಸಿ, ಅದಕ್ಕಾಗಿ ಇನ್ನೊಬ್ಬರು ತಲೆ ತಗ್ಗಿಸುವಾಗ ಸುಮ್ಮನೆ ಕುಳಿತವಳು ನಾನು. ನಿಮ್ಮ ಅನುಮತಿ ಕೇಳುತ್ತಿಲ್ಲ. ಅಂದು ನೀವು ಬಂದು, ಅವರದೂ ಉಳಿದವರದೂ ಖಾಲಿ ಚೆಕ್ಕುಗಳನ್ನು ತಂದರೆ ನನಗೆ ಧೈರ್ಯ ಬರುತ್ತದೆ. ಬರದಿದ್ದರೂ ನಾನು ಹೇಳುವುದನ್ನು ಹೇಳುತ್ತೇನೆ.

ವಿಶಾಖಾ ಏನು ಬರೆದಿದ್ದಾಳೆ ಎಂದು ಅವ್ವ ಕೇಳುತ್ತಾಳೆ. ಓದಿ ಹೇಳಿ. ಕಣ್ಣಿನ ಹನಿಯ ಸುದ್ದಿ ಮಾತ್ರ ಓದಿ ಉಳಿದದ್ದನ್ನು ಮಡಚಿಡಬೇಡಿ. ನಾನು ಹಾಗೆ ಓದಿದವಳು, ಕೇಳುವವರಿಗೆ ಗೊತ್ತಾಗಿಬಿಡುತ್ತದೆ.

ಈ ಸಲ ನಿಮ್ಮ ಆಶೀರ್ವಾದ ಬೇಡಲು ನನಗೆ ಮುಖವಿಲ್ಲ. ನಿಮ್ಮ ಆರೋಗ್ಯ ಚೆನ್ನಾಗಿರಲಿ, ಅವ್ವನ ಕಣ್ಣು ಬೇಗ ತಿಳಿಯಾಗಲಿ, ಇಬ್ಬರಿಗೂ ಒಳ್ಳೆಯದಾಗಲಿ.

ನಿಮ್ಮ ಮಗಳು,
ವಿಶಾಖಾ

ತಾ.ಕ. ಒಂದು ಮಾತನ್ನು ಮೇಲೆ ಬರೆಯಲಾರದೆ ಬಿಟ್ಟಿದ್ದೆ. ಬಿಡುವ ಚಟ ಇನ್ನೂ ಹೋಗಿಲ್ಲ ನೋಡಿ. ಅಂದು ಬೇವಿನ ಗಿಡದ ಕೆಳಗೆ, ನಡೆದುಬಿಡುವ ಮೊದಲು, ಲಾಡಲೇಸಾಬರನ್ನು ಇನ್ನೊಂದು ಕೇಳಿದ್ದೆ: ನಾನು ಯಾರ ಮಗಳೆಂದು ಗೊತ್ತಿದ್ದೂ ನನ್ನ ಹತ್ತಿರವೇ ಯಾಕೆ ಬಂದಿರಿ?

ಏಳು ವರ್ಷದ ಹಿಂದೆ ನನಗೆ ಸನ್ನದು ಬಂದಾಗ ನಮ್ಮ ಮನೆಯ ಮುಂದೆ ನೀವು ಸತ್ಕಾರ ಇಟ್ಟುಕೊಂಡಿದ್ದಿರಲ್ಲ, ಅದಕ್ಕೆ ಪೆಂಡಾಲು ಹಾಕಿದವರು ಅವರಂತೆ. ಬಾಡಿಗೆ ಕೊಡದೆ ಆ ತಿಂಗಳ ಬಡ್ಡಿಯಲ್ಲಿ ಮುರಿದುಕೊಂಡಿರಂತೆ. ನನಗೆ ಅವರ ನೆನಪೇ ಇರಲಿಲ್ಲ. ನಿಮ್ಮ ಪಡಸಾಲೆಯ ಗೋಡೆಯ ಮೇಲಿರುವ ಆ ದಿನದ ಫೋಟೋ ನನ್ನ ಫೋನಿನಲ್ಲೂ ಇದೆ. ದೊಡ್ಡದು ಮಾಡಿ ನೋಡಿದೆ. ನೀವು ಮೈಕು ಹಿಡಿದಿದ್ದೀರಿ. ನಾನು ಹಾರ ಹಾಕಿಸಿಕೊಂಡು ಹಲ್ಲು ಕಿಸಿದಿದ್ದೇನೆ. ನಮ್ಮ ಹಿಂದೆ, ಎಡಗಡೆ, ಗಾಳಿಗೆ ಅಲುಗುವ ಕಂಬವನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಒಬ್ಬರು ನಿಂತಿದ್ದಾರೆ.

ಅವರು ನನಗೆ ಹೇಳಿದ್ದು ಇದು: "ಅವತ್ತ ನಿಮ್ಮಪ್ಪಾರು ಮೈಕಿನ್ಯಾಗ ಅಂದ್ರಲ್ರಿ, ಯಾರೂ ಇಲ್ಲದವರ ಬಾಜೂಕ ನನ್ನ ಮಗಳು ನಿಂದರತಾಳ ಅಂತ. ನಾ ಹಿಂದ ಕಂಬ ಹಿಡಕೊಂಡ ಕೇಳೀನ್ರಿ. ಅದನ್ನ ನಂಬಿ ಬಂದೆ ರಿ ಬಾಯಾರ."