ಒಂದು ಕಾರ್ಡು ಕಡಿಮೆ

ಮನೆಯಿಂದ,
ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮ? ಸೊಂಟನೋವು ಕಡಿಮೆಯಾಯಿತೇ? ದಿನವಿಡೀ ವಾರ್ಡಿನಲ್ಲಿ ಯಾರ ಯಾರದೋ ಅಪ್ಪ ಅಮ್ಮಂದಿರನ್ನು ಎತ್ತಿ ಕೂರಿಸುವವಳು, ನಿನ್ನ ಮೈಯನ್ನೂ ಸ್ವಲ್ಪ ನೋಡಿಕೋ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮಮ್ಮನ ಕಣ್ಣಿನ ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಈಗ ನನ್ನ ಶರ್ಟಿನ ಕಲೆಗಳೆಲ್ಲ ಅವಳಿಗೆ ಕಾಣಿಸತೊಡಗಿವೆ, ನನ್ನ ಗ್ರಹಚಾರ! ಅಲ್ಲಿನ ಆಸ್ಪತ್ರೆಯ ಕರಾರನ್ನು ಇನ್ನೆರಡು ವರ್ಷ ಮುಂದುವರಿಸಲೇ ಎಂದು ಕೇಳಿದ್ದೀಯ, ತಿಂಗಳ ಕೊನೆಯೊಳಗೆ ಸಹಿ ಹಾಕಬೇಕೆಂದೂ ಬರೆದಿದ್ದೀಯ. ಅದಕ್ಕೆ ಬರುತ್ತೇನೆ. ಮೊದಲು ನಿನ್ನ ಮಗಳ ಶಾಲೆಯ ಕಥೆ ಕೇಳು.

ಗುಬ್ಬಿಯ ಕ್ಲಾಸಿಗೆ ಹೊಸ ಮೇಷ್ಟ್ರು ಬಂದಿದ್ದಾರೆ. ಪ್ರಪಂಚಜ್ಞಾನವನ್ನು ಆಟ ಆಡಿಸಿ ಕಲಿಸುತ್ತಾರಂತೆ. ಪುಸ್ತಕ ಮುಚ್ಚಿಟ್ಟು ಕಲಿಸುವವರ ಮೇಲೆ ನನಗೆ ಮೊದಲಿಂದಲೂ ಅನುಮಾನ. ನೆಲದ ಮೇಲೆ ಸೀಮೆಸುಣ್ಣದ ಭೂಪಟ, ನಾಲ್ಕು ನಾಲ್ಕು ಮಕ್ಕಳಿಗೆ ಒಂದೊಂದು ದೇಶ. ಒಂದೊಂದು ದೇಶಕ್ಕೂ ಬೇರೆ ಬಣ್ಣದ ಕಾರ್ಡುಗಳು: ನೀರು, ಧಾನ್ಯ, ಔಷಧಿ, ನರ್ಸ್, ಇನ್ನೂ ಏನೇನೋ. ದಾಳ ಹಾಕಿದಂತೆ ಬರಗಾಲವೋ ಜ್ವರವೋ ಬರುತ್ತದೆ. ಆಗ ದೇಶದೇಶಗಳು ಕಾರ್ಡು ಬದಲಾಯಿಸಿಕೊಂಡು ಬದುಕಬೇಕು. ಒಬ್ಬರ ಕಷ್ಟ ಇನ್ನೊಬ್ಬರಿಗೆ ಹೇಗೆ ತಟ್ಟುತ್ತದೆಂದು ಮಕ್ಕಳಿಗೆ ತಿಳಿಯಲಿ ಅಂತ. ಕೇಳಲಿಕ್ಕೇನೋ ಚೆಂದ. ಆದರೆ ಆಟ ಆಡಿಸಿದ ಐದು ಶುಕ್ರವಾರವೂ ನಮ್ಮ ಗುಬ್ಬಿಯ ದೇಶವೇ ಸೋತಿತು. ಐದಕ್ಕೆ ಐದು! ಅವಳಂತೂ ಮನೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಜೊತೆಯ ಮೂವರು ಇವಳೊಡನೆ ಮಾತು ಬಿಟ್ಟಿದ್ದಾರೆಂದು ಪಕ್ಕದ ಮನೆಯಾಕೆ ಹೇಳಿ ಗೊತ್ತಾಯಿತು.

ಮೂವತ್ತು ವರ್ಷ ಅಂಗಡಿ ಅಂಗಡಿ ಅಲೆದು ತಕ್ಕಡಿ ಪರೀಕ್ಷೆ ಮಾಡಿದವನು ನಾನು. ನನ್ನ ಕಣ್ಣಿಗೆ ಮಣ್ಣೆರಚಲು ನೋಡಿದವರು ಎಷ್ಟು ಜನವೋ! ಐದು ಸಲವೂ ಒಂದೇ ಕಡೆ ವಾಲುವ ತಕ್ಕಡಿಯನ್ನು ನಂಬುತ್ತೇನೆಯೇ? ನನ್ನ ಹಳೆಯ ಸಣ್ಣ ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡು ಶಾಲೆಗೆ ಹೊರಟೆ. "ರಿಟೈರ್ ಆದ್ರೂ ಇನ್ಸ್‌ಪೆಕ್ಷನ್ ಬಿಡಲ್ವಲ್ಲ ನೀವು" ಎಂದು ನಿಮ್ಮಮ್ಮ ಬಾಗಿಲವರೆಗೂ ಗೊಣಗಿದಳು. ಮೇಷ್ಟ್ರು ಇನ್ನೂ ಚಿಕ್ಕ ವಯಸ್ಸಿನವರು, ಸದಾ ನಗುಮುಖ. ಅದರಿಂದ ನನ್ನ ಅನುಮಾನ ಇನ್ನಷ್ಟು ಹೆಚ್ಚಾಯಿತು, ನಗುನಗುತ್ತಾ ಕಡಿಮೆ ತೂಗುವವರನ್ನು ಬೇಕಾದಷ್ಟು ನೋಡಿದ್ದೇನೆ. ದಾಳಗಳನ್ನು ತೂಗಿದೆ, ಎಪ್ಪತ್ತು ಸಲ ಉರುಳಿಸಿದೆ. ಸರಿಯಾಗಿಯೇ ಇದ್ದವು. ಕಾರ್ಡು ಎಣಿಸಿದೆ. ಡಬ್ಬಿಯ ಮೇಲೆ ನೂರಿಪ್ಪತ್ತು ಎಂದಿತ್ತು, ಒಳಗಿದ್ದದ್ದು ನೂರಹತ್ತೊಂಬತ್ತು. ಸಿಕ್ಕಿಬಿದ್ದೆಯಲ್ಲಪ್ಪಾ ಅಂದುಕೊಂಡೆ! ಯಾವುದಿಲ್ಲವೆಂದು ನೋಡಿದರೆ, ಗುಬ್ಬಿಯ ದೇಶಕ್ಕಿದ್ದ ಒಬ್ಬಳೇ ನರ್ಸ್. ನನ್ನ ಮೊಮ್ಮಗಳನ್ನು ಸೋಲಿಸಲು ನೀವೇ ತೆಗೆದಿಟ್ಟಿದ್ದೀರಿ ಎಂದು ಮಕ್ಕಳೆದುರೇ ಅಬ್ಬರಿಸಿಬಿಟ್ಟೆ. ಮೇಷ್ಟ್ರ ಮುಖ ಪೆಚ್ಚಾಯಿತು. "ಇಲ್ಲ ಸಾರ್, ಆ ನರ್ಸ್‌ನ ಕಳಿಸಿ, ಔಷಧಿ ಕೊಡ್ತೀವಿ ಅಂತ ಪಕ್ಕದ ದೇಶ ಪ್ರತಿ ವಾರ ಕೇಳುತ್ತೆ. ಇವಳು ಜಪ್ಪಯ್ಯ ಅಂದ್ರೂ ಕಳಿಸಲ್ಲ. ಅದಕ್ಕೇ ಸೋಲ್ತಿದ್ದಾರೆ" ಎಂದರು. ನಾನು ನಂಬಲಿಲ್ಲ. ಹೆಡ್‌ಮಾಸ್ಟರಿಗೆ ದೂರು ಬರೆದುಕೊಟ್ಟೇ ಬಂದೆ. ಗುಬ್ಬಿ ಅಷ್ಟು ಹೊತ್ತೂ ನೆಲ ನೋಡುತ್ತ ನಿಂತಿದ್ದಳು. ತಾತನ ಅಬ್ಬರಕ್ಕೆ ನಾಚಿಕೊಂಡಳೆಂದು ತಿಳಿದೆ.

ಇನ್ನು ನಿನ್ನ ಕರಾರು. ಗುಬ್ಬಿಯನ್ನೇ ಕೇಳಿದೆವು. "ಅಮ್ಮ ಅಲ್ಲೇ ಇರ್ಲಿ ಬಿಡಿ, ನಂಗೇನೂ ಆಗಲ್ಲ" ಅಂದಳು. ಮಗು ಗಟ್ಟಿಯಾಗಿದ್ದಾಳೆ. ಧೈರ್ಯವಾಗಿ ಸಹಿ ಹಾಕು.

ಹೊತ್ತು ಹೊತ್ತಿಗೆ ಊಟ ಮಾಡು. ನಿಮ್ಮಮ್ಮನದೂ ನನ್ನದೂ ಮನಸಾರೆ ಆಶೀರ್ವಾದ.

ಇಂತಿ ನಿನ್ನ,
ಅಪ್ಪ

ವಿ.ಸೂ.: ಗುಬ್ಬಿ ಬರೆದ ಚಿತ್ರವೊಂದನ್ನು ಇದರ ಜೊತೆ ಇಡೋಣವೆಂದು ಅವಳ ಚೀಲ ತೆಗೆದೆ. ಆ ಕಾರ್ಡು ಲೆಕ್ಕದ ಪುಸ್ತಕದ ರಟ್ಟಿನೊಳಗಿತ್ತು. ಕೇಳಿದರೆ ಅಳಲಿಲ್ಲ. "ಒಂದ್ಸಲ ಕಳ್ಸಿದ್ರೆ ವಾಪಸ್ ಬರಲ್ಲ ತಾತ. ಇನ್ನೆರಡು ವರ್ಷ, ಇನ್ನೆರಡು ವರ್ಷ ಅಂತಾನೇ ಇರ್ತಾರೆ" ಎಂದಳು. ಊರವರೆಲ್ಲರ ಮೇಲೂ ಅನುಮಾನ ಪಟ್ಟೆ, "ನಂಗೇನೂ ಆಗಲ್ಲ" ಎಂದ ಒಂದು ಮಾತನ್ನು ಮಾತ್ರ ನಂಬಿದೆ. ನಾಳೆ ಮೇಷ್ಟ್ರ ಕ್ಷಮೆ ಕೇಳಿ ದೂರು ವಾಪಸ್ ತೆಗೆದುಕೊಳ್ಳುತ್ತೇನೆ. ಕಾರ್ಡನ್ನು ಕೊಡುವುದು ಮಾತ್ರ ನನ್ನಿಂದಾಗದು, ಅವಳು ಮುಷ್ಟಿ ಬಿಡುತ್ತಿಲ್ಲ. ಮೇಲೆ ಸಹಿಯ ಬಗ್ಗೆ ಬರೆದದ್ದನ್ನು ಹೊಡೆದುಹಾಕಿಕೋ. ಸಹಿ ಹಾಕಬೇಡಮ್ಮ, ಬಂದುಬಿಡು.