ಎರಡು ಬುಟ್ಟಿ ಅಂಜೂರ

ಅಂಗಡಿಯ ಹಿಂದಿನ ಕೋಣೆಯಿಂದ
ಸೋಮವಾರ, ಜೂನ್ ೧೦

ಪ್ರೀತಿಯ ತಮ್ಮನಿಗೆ,

ನಿನ್ನ ಬೆನ್ನುನೋವು ಹೇಗಿದೆ? ಅಚ್ಚುಕೂಟದಲ್ಲಿ ದಿನವಿಡೀ ನಿಂತೇ ಇರುತ್ತೀಯಂತೆ. ಎಣ್ಣೆ ಹಚ್ಚಿಸಿಕೋ. ಹೆಂಡತಿಯ ಮಾತು ಕೇಳುವವನಲ್ಲ ನೀನು, ಅದಕ್ಕೇ ನಾನು ಹೇಳುತ್ತಿದ್ದೇನೆ. ದೇವರ ದಯೆಯಿಂದ ನಾನು ಚೆನ್ನಾಗಿದ್ದೇನೆ. ಅಪ್ಪನ ಕಣ್ಣು ಮಾತ್ರ ತೀರಾ ಮಂಜಾಗಿದೆ. ತಕ್ಕಡಿಯ ಮುಳ್ಳು ಕಾಣುವುದಿಲ್ಲ, ಆದರೂ ಗಲ್ಲಾ ಬಿಟ್ಟು ಏಳುವುದಿಲ್ಲ. ಚೌಕಾಸಿ ಮಾಡುವವರನ್ನು ದನಿಯಲ್ಲೇ ಗುರುತು ಹಿಡಿದು ಬೈಯುತ್ತಾರೆ.

ಹಾಗಾಗಿ ಸಂಜೆಯ ಪ್ರಾರ್ಥನೆಗೆ ಸತ್ಯವೇದ ಓದುವುದು ಈಗ ನನ್ನ ಪಾಲಿಗೆ ಬಂದಿದೆ. ಹೋದ ವಾರ ಯೆರೆಮೀಯ ಪ್ರವಾದಿ ಕಂಡ ದರ್ಶನ ಬಂತು: ದೇವಾಲಯದ ಮುಂದೆ ಎರಡು ಬುಟ್ಟಿ ಅಂಜೂರ, ಒಂದರಲ್ಲಿ ಒಳ್ಳೆಯವು, ಇನ್ನೊಂದರಲ್ಲಿ ತಿನ್ನಲಾಗದಷ್ಟು ಕೆಟ್ಟವು. ನನ್ನ ನಾಲಿಗೆ ತಡವರಿಸಿತು. ನಿನ್ನನ್ನು ಹೊರಗೆ ಹಾಕಿದ ಸಂಜೆ ಅಪ್ಪ ಓದಿದ್ದು ಇದನ್ನೇ ಅಲ್ಲವೇ? ಅವತ್ತು ಬೆಳಿಗ್ಗೆ ನೀನು ಗಿರಾಕಿಯ ಎದುರೇ ಅಪ್ಪ ತುಂಬಿಟ್ಟ ಬುಟ್ಟಿ ಮಗುಚಿ, ಮೇಲೆ ಚೆಂದದ ಹಣ್ಣು, ಅಡಿಯಲ್ಲಿ ಕೊಳೆತದ್ದು ಅಂತ ತೋರಿಸಿಬಿಟ್ಟಿದ್ದೆ. "ಕೆಟ್ಟ ಹಣ್ಣನ್ನ ಏನು ಮಾಡ್ತಾರೆ? ಆಚೆ ಎಸೀತಾರೆ. ಪ್ರವಾದಿ ಹೇಳಿರೋದೂ ಅದೇ," ಅಂದು ಅಪ್ಪ ಪುಸ್ತಕ ಮುಚ್ಚಿದರು. ಅಮ್ಮ ಮೆಲ್ಲಗೆ, "ಅಲ್ಲಿಗೇ ಮುಗೀಲಿಲ್ಲ ರೀ, ಮುಂದಕ್ಕೆ ಓದಿ," ಅಂದಳು. "ಹಣ್ಣಿನ ವಿಚಾರ ನನಗೇ ಹೇಳ್ಕೊಡ್ತೀಯಾ?" ಅಂತ ಗದರಿದರು. ಹಣ್ಣು ಮಾರುವವರ ಮನೆ ನಮ್ಮದು. ಆಚೆ ಹೋದದ್ದು ಕೊಳೆತದ್ದೇ ಅಂತ ಎಲ್ಲರೂ ನಂಬಿಬಿಟ್ಟೆವು.

ಈ ಸಲ ನಾನು ಮುಂದಕ್ಕೆ ಓದಿದೆ, ತಮ್ಮಾ. ದೇವರ ಲೆಕ್ಕಾಚಾರವೇ ಬೇರೆ. ಪ್ರವಾದಿಯ ನಾಡಿನಿಂದ ಸೆರೆಯಾಗಿ ದೂರದೇಶಕ್ಕೆ ಹೋದವರೇ ಒಳ್ಳೆಯ ಹಣ್ಣಂತೆ. ಅವರ ಮೇಲೆ ಕಣ್ಣಿಟ್ಟು ಕಾಯುತ್ತಾನಂತೆ, ಮತ್ತೆ ಮನೆ ಸೇರಿಸುತ್ತಾನಂತೆ. ಕೆಟ್ಟವು ಅಂದರೆ ರಾಜ ಮತ್ತು ಅವನ ಜೊತೆ ಊರಲ್ಲೇ ಉಳಿದವರು.

ಅಪ್ಪ ಅದನ್ನೇ ಮತ್ತೆ ಓದಿಸಿದರು. ಆಮೇಲೆ, "ಹಾಗಾದ್ರೆ ಆ ಇನ್ನೊಂದು ಬುಟ್ಟೀಲಿರೋನು ನಾನೇನು ಮಗಳೇ?" ಅಂದರು. ಅಮ್ಮನ ಮಾತು ಕೇಳಿ ಆವತ್ತೇ ಇನ್ನೊಂದಿಷ್ಟು ಓದಿದ್ದರೆ, ಕಣ್ಣು ಮುಚ್ಚುವ ಮುಂಚೆ ಅವಳು ನಿನ್ನ ಮಗಳನ್ನು ಎತ್ತಿಕೊಂಡಿರುತ್ತಿದ್ದಳು.

ಈಗ ಅಪ್ಪ ದಿನಾ ಬೆಳಿಗ್ಗೆ ಪ್ರತಿ ಬುಟ್ಟಿಯನ್ನೂ ಸುರಿಸಿಕೊಂಡು, ಅಡಿಯ ಹಣ್ಣನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ಆರಿಸುತ್ತಾರೆ. ಯಾಕೆ ಅಂತ ಕೇಳಿದರೆ "ಸುಮ್ನಿರು" ಅನ್ನುತ್ತಾರೆ.

ಮಗುವಿಗೆ ಈ ಅತ್ತೆಯ ಮುತ್ತು, ನಿನ್ನ ಹೆಂಡತಿಗೆ ನನ್ನ ನೆನಪು. ದೇವರ ಕೈ ನಿಮ್ಮ ಮೇಲಿರಲಿ.

ನಿನ್ನ ಅಕ್ಕ

ಇನ್ನೊಂದು ಮಾತು. ನಿನ್ನನ್ನು ಬಾ ಅಂತ ಬರೆಯಲೇ ಎಂದು ಕೇಳಿದ್ದಕ್ಕೆ ಅಪ್ಪ, "ಎಸೆದೋನು ನಾನು, ಹೋಗಬೇಕಾದೋನೂ ನಾನೇ," ಅಂದರು. ಶನಿವಾರ ಸಂಜೆಯ ಬಸ್ಸಿಗೆ ನಾವಿಬ್ಬರೂ ಬರುತ್ತೇವೆ, ನಿಲ್ದಾಣಕ್ಕೆ ಬಾ. ಅವರ ಕೈಯಲ್ಲಿ ಒಂದು ಬುಟ್ಟಿ ಅಂಜೂರ ಇರುತ್ತದೆ. ತಾವೇ ತುಂಬುತ್ತಾರಂತೆ, ನಾನು ಕೈ ಹಾಕುವ ಹಾಗಿಲ್ಲ. ಅದನ್ನು ಸುಮ್ಮನೆ ಮನೆಗೆ ಒಯ್ಯಬೇಡ. ಅಲ್ಲೇ, ಎಲ್ಲರ ಎದುರಿಗೇ, ಅವತ್ತಿನ ಹಾಗೆ ಮಗುಚಿ ನೋಡು. ಅಪ್ಪ ಬಾಯಿಬಿಟ್ಟು ಕೇಳುವವರಲ್ಲ, ಆದರೆ ಅವರು ಬರುತ್ತಿರುವುದೇ ಅದಕ್ಕೆ.